ಥಪ್ಪಿ ಹತ್ತಿದ ಮೇಲೆ ಸಹಿ

ಎಳ್ಳ ಅಮಾವಾಸ್ಯೆ ಕಳೆದ ಮೊದಲ ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಆಳಂದದಲ್ಲಿ ತಪಾಸಣಿ ಸಾಹೇಬರ ಮನೆಯ ಹೊರಕೋಣೆ. ಹಾಜರಿದ್ದವರು: ನಾನು, ನಿಂಬರ್ಗಾದ ಕಸ್ತೂರಬಾಯಿ, ಒಳಬಾಗಿಲಿನ ಪರದೆಯ ಆಚೆ ಸಾಹೇಬರ ಹೆಂಡತಿ. ಸಾಹೇಬರ ನಲವತ್ತನೇ ದಿನದ ಫಾತೇಹಾ ಹಿಂದಿನ ವಾರವಷ್ಟೇ ಮುಗಿದಿತ್ತು.

ಹೀಗೆ ಶುರುಮಾಡಿದ್ದಕ್ಕೆ ಓದುವವರು ಬೇಸರ ಪಡಬಾರದು. ಕೆಲಸದಲ್ಲಿದ್ದಷ್ಟು ವರ್ಷ ಸಾಹೇಬರೂ ನಾನೂ ಬರೆದದ್ದೆಲ್ಲ ಹೀಗೆಯೇ ಶುರುವಾಗುತ್ತಿತ್ತು. ನಾನು ಧಾನ್ಯದ ಗೋದಾಮು ನೋಡಿಕೊಳ್ಳುವವನು, ಅವರು ಗೋದಾಮುಗಳ ದಾಸ್ತಾನು ತಪಾಸಣೆ ಮಾಡುವವರು. ಆಳಂದ, ಅಫಜಲಪುರ, ಜೇವರ್ಗಿ, ಆಗಿನ್ನೂ ಜೇವರ್ಗಿಗೇ ಸೇರಿದ್ದ ಯಡ್ರಾಮಿ, ಈ ಸುತ್ತಿನಲ್ಲಿ ಎಲ್ಲಿ ತೊಗರಿ, ಜೋಳ ಚೀಲಕಟ್ಟಿ ಒಟ್ಟಿರುತ್ತಿದ್ದರೋ ಅಲ್ಲಿಗೆ ಅವರು ಹೋಗಬೇಕು. ಕಾಗದದಲ್ಲಿ ಇದ್ದಷ್ಟು ಮಾಲು ನೆಲದ ಮೇಲೂ ಇದೆಯೇ ನೋಡಬೇಕು. ನೋಡಿ ಸಹಿ ಹಾಕಬೇಕು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಸಹಿಯಲ್ಲಿ ಬಿಟ್ಟು ಬೇರೆ ಎಲ್ಲೂ ತಮ್ಮ ಹೆಸರು ಕಾಣುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಹಮಾಲರು ಇಟ್ಟ ಹೆಸರು ತಪಾಸಣಿ ಸಾಹೇಬ. ನನಗೂ ಅದೇ ರೂಢಿ.

ಅಂದು ನನ್ನನ್ನು ಕರೆಸಿದ್ದಕ್ಕೆ ಕಾರಣ ಮೇಜಿನ ಮೇಲಿದ್ದ ಅವರ ಫೋನು.

"ಭಾಯಿಸಾಬ್, ಅವ್ರು ಹೋದ ಮ್ಯಾಲೆ ಇದು ಮೂರ್ ಸಲ ಗಂಟಿ ಹೊಡದದರಿ," ಎಂದರು ಭಾಬಿ ಪರದೆಯ ಆಚೆಯಿಂದ. "ಯಾರ ಫೋನೂ ಅಲ್ಲ. ಟಣ್ ಅಂತದ, ಸುಮ್ನ ಆಗ್ತದ. ಅವ್ರು ಇದ್ದಾಗ ಅದು ಟಣ್ ಅಂದ್ರ ಚಾ ಬೇಕು ಅಂತಿದ್ರು. ನಾ ಮೂರ್ ಸಲಾನೂ ಚಾಕ್ಕ ನೀರ ಇಟ್ಟೀನಿ. ಇಟ್ಟ ಮ್ಯಾಲೆ ನೆನಪಾಗ್ತದ."

ಕಸ್ತೂರಿ ಬಂದ ಕಾರಣ ಬೇರೆ. ಆಕೆ ನಿಂಬರ್ಗಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಪಕ್ಕದಲ್ಲೇ ತೊಗರಿ ಬೇಳೆ ಮಾಡುವ ಯಂತ್ರ ಹಾಕಬೇಕೆಂದು ವರ್ಷಗಟ್ಟಲೆ ಕೂಡಿಟ್ಟ ಹಣ ಅಂದು ಆಕೆಯ ಮಡಿಲಿನ ಚೀಲದಲ್ಲಿತ್ತು. ಹನ್ನೊಂದಕ್ಕೆ ಜೇವರ್ಗಿಯಿಂದ ಸಿದ್ದು ಬರುವವನಿದ್ದ. ಅವನು ಆಕೆಯ ಗಂಡನ ಕಡೆಯ ಹುಡುಗ, ಮೈದುನನಾಗಬೇಕು. ಊರೂರಿಗೆ ಹೋಗಿ ಜನರ ಹಣ ಸೇರಿಸಿ, ಬಿಟ್‌ಕಾಯಿನ್ ಎಂಬ ಕಣ್ಣಿಗೆ ಕಾಣದ ನಾಣ್ಯ ಕೊಂಡು ಎಲ್ಲರ ಹೆಸರಿನಲ್ಲಿ ಇಡುವ ಒಂದು ಸ್ಕೀಮಿನ ಏಜೆಂಟ್. ಇಲ್ಲಿ ಹಾಕು, ವರ್ಷ ಕಳೆಯಲಿ, ಒಂದು ಯಂತ್ರದ ಜಾಗದಲ್ಲಿ ಎರಡು ಬರುತ್ತವೆ ಎಂದು ಅವನು ಆಕೆಗೆ ಹೇಳಿದ್ದ. ಕೊಡಬೇಕೋ ಬೇಡವೋ ಎಂಬುದಕ್ಕೆ ಸಾಹೇಬರ ಮಾತೇ ಆಕೆಗೆ ಕೊನೆಯದು. ಆ ಮಾತು ಸಿಕ್ಕಿದೆ ಎಂದೇ ಹಣ ಕಟ್ಟಿಕೊಂಡು ಬಂದಿದ್ದಳು. ಆದರೂ ಕೊಡುವುದಾದರೆ ಸಾಹೇಬರ ಮನೆಯಲ್ಲೇ ಕೊಡುತ್ತೇನೆ ಎಂದು ಸಿದ್ದುನನ್ನು ಇಲ್ಲಿಗೆ ಬರಹೇಳಿದ್ದಳು.

ಆಕೆಗೂ ಸಾಹೇಬರಿಗೂ ಏನು ಸಂಬಂಧ ಎಂಬುದನ್ನು ಈಗಲೇ ಹೇಳಿಬಿಡಬೇಕು. ಅದನ್ನು ಹೇಳದೆ ಸಾಹೇಬರ ಬಗ್ಗೆ ಬರೆದರೆ ಗೋಡೆ ಬಿಟ್ಟು ಬಾಗಿಲು ಬರೆದ ಹಾಗೆ.

ಚೀಲಗಳನ್ನು ಗೋದಾಮಿನಲ್ಲಿ ಅಡ್ಡ, ಉದ್ದ ಹೆಣೆದು ಛಾವಣಿಯ ತನಕ ಒಟ್ಟುತ್ತಾರೆ. ಅದಕ್ಕೆ ನಮ್ಮ ಕಡೆ ಥಪ್ಪಿ ಎನ್ನುತ್ತೇವೆ. ತಪಾಸಣೆ ಎಂದರೆ ಥಪ್ಪಿಯ ಉದ್ದ, ಅಗಲ, ಎತ್ತರ ಎಣಿಸಿ ಗುಣಿಸುವುದು. ಎಲ್ಲರೂ ಕೆಳಗೆ ನಿಂತೇ ಎಣಿಸುತ್ತಿದ್ದರು. ಸಾಹೇಬರೂ ಮೊದಮೊದಲು ಹಾಗೇ. ಅಫಜಲಪುರದ ಹೊರಗೆ ಒಂದು ಬಾಡಿಗೆ ಗೋದಾಮಿನಲ್ಲಿ ಹಾಗೆ ಎಣಿಸಿ ಸಹಿ ಹಾಕಿ ಬಂದರು. ಮುಂದಿನ ವಾರ ಮಾಲು ಎತ್ತಲು ಹಮಾಲರು ಹೋದರು. ಮೊದಲು ಮೇಲೆ ಹತ್ತಿದವನು ಭೀಮಶಾ, ಕಸ್ತೂರಿಯ ತಂದೆ. ಥಪ್ಪಿಯ ನಾಲ್ಕೂ ಬದಿ ಸರಿಯಾಗಿತ್ತು, ಮೇಲಿನ ಹಾಸೂ ಸರಿಯಾಗಿತ್ತು. ನಡುವಿನ ಚೀಲಗಳನ್ನು ಯಾರೋ ಯಾವಾಗಲೋ ಹೊರಹಾಕಿ ಮಾರಿಕೊಂಡಿದ್ದರು. ಹಲಗೆ ಹಾಸಿ ಮೇಲೆ ಒಂದೇ ಸಾಲು ಚೀಲ ಹೊದಿಸಿದ್ದರು. ಭೀಮಶಾ ನಡುವಿಗೆ ಬಂದಾಗ ಹಲಗೆ ಜಾರಿತು. ಅವನು ಒಳಗೆ ಹೋದ. ಬದಿಯ ಚೀಲಗಳು ಒಂದೊಂದಾಗಿ ಅವನ ಮೇಲೆ ಕುಸಿಯತೊಡಗಿದವು.

ಸುದ್ದಿ ಬಂದಾಗ ಸಾಹೇಬರೂ ನಾನೂ ಅಫಜಲಪುರದಲ್ಲೇ ಇದ್ದೆವು. ಓಡಿಹೋದೆವು. ಚೀಲ ಎಳೆದರೆ ಇನ್ನೊಂದು ಕುಸಿಯುತ್ತದೆ, ಎಳೆಯದಿದ್ದರೆ ಅವನು ಸಿಗುವುದಿಲ್ಲ. ಒಳಗಿನಿಂದ ದನಿ ಕೇಳುತ್ತಿತ್ತು. ಸಾಹೇಬರು ಚೀಲಕ್ಕೆ ಬಾಯಿ ಹಚ್ಚಿ, "ಭೀಮಶಾ, ಹ್ಯಾಂಗದ?" ಎಂದು ಕೂಗಿದರು. ಹೇಗಿದ್ದೀ ಎಂದು ಕೇಳಿದ್ದು. ಅವನಿಗೆ ಹಾಗೆ ಕೇಳಿಸಲಿಲ್ಲವೋ, ಅಥವಾ ಕೇಳುತ್ತಿರುವವರು ತಪಾಸಣೆಯ ಸಾಹೇಬರು ಎಂದು ಗೊತ್ತಾಗಿಯೋ, ಅವನು ಹೇಳಿದ್ದು ಇಷ್ಟು: "ಒಳಗ ಖಾಲಿ ಅದರಿ, ಸಾಹೇಬ್ರ."

ಮತ್ತೆ ದನಿ ಬರಲಿಲ್ಲ.

ಗೋದಾಮಿನವನ ಮೇಲೆ ಕೇಸಾಯಿತು. ಸಾಹೇಬರ ಮೇಲೆ ಏನೂ ಆಗಲಿಲ್ಲ. ಕೆಳಗೆ ನಿಂತು ಎಣಿಸುವುದೇ ನಿಯಮ, ಅವರು ನಿಯಮದಂತೆ ಎಣಿಸಿದ್ದರು. ಏನಾದರೂ ಆಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಒಮ್ಮೊಮ್ಮೆ ಅನಿಸಿದೆ.

ಅಲ್ಲಿಂದ ಮುಂದೆ ಅವರು ಪ್ರತಿ ಥಪ್ಪಿಯನ್ನೂ ಹತ್ತಿದರು. ಏಣಿ ಬೇಡ ಎನ್ನುತ್ತಿದ್ದರು. ಬೂಟು ಬಿಚ್ಚಿ, ಪ್ಯಾಂಟಿನ ಅಂಚು ಸುತ್ತಿ, ಚೀಲಗಳ ಮೂಲೆ ಹಿಡಿದು ಹತ್ತುತ್ತಿದ್ದರು. ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಉತ್ತ ಹೊಲದ ಸಾಲಿನಂತೆ ನಡೆಯುವರು. ನಡುವೆ ನಿಂತು ಬೆರಳ ಗೆಣ್ಣಿನಿಂದ ಚೀಲಕ್ಕೆ ಎರಡು ಸಲ ಬಡಿಯುವರು. ಬಳಿಕ ಬಗ್ಗಿ, ಪಕ್ಕದ ಮನೆಯವನನ್ನು ಕರೆಯುವಷ್ಟು ಮೆತ್ತಗೆ, "ಭೀಮಶಾ, ಹ್ಯಾಂಗದ?" ಎನ್ನುವರು. ಸ್ವಲ್ಪ ಹೊತ್ತು ಹಾಗೇ ಇರುವರು. ಆಮೇಲೆ ಇಳಿದು ಕೈ ತೊಳೆದು ಸಹಿ.

ಹಮಾಲರು ಇದನ್ನು ಕಂಡು ನಗಲಿಲ್ಲ. ಹೊಸಬನೊಬ್ಬ ಜೇವರ್ಗಿಯಲ್ಲಿ, "ಸಾಹೇಬ್ರ, ಆಂವ ಅಫಜಲಪುರದಾಗ ಸತ್ತಾನ್ರಿ, ಇಲ್ಲಿ ಯಾಕ ಕರೀತೀರಿ?" ಎಂದ. ಮುಖಂಡ ಅವನ ತಲೆಗೆ ಒಂದು ಏಟು ಹಾಕಿ, "ಆಂವಗ ಮೂರೂ ತಾಲ್ಲೂಕ ಚಾರ್ಜ್ ಕೊಟ್ಟಾರಲೇ ಸಾಹೇಬ್ರು" ಎಂದ. ಸಾಹೇಬರು ಮೇಲಿನಿಂದಲೇ, "ಖರೆ ಅದ, ಪಗಾರ ಒಂದ ಕೊಟ್ಟಿಲ್ಲ" ಎಂದರು. ಎಲ್ಲರೂ ನಕ್ಕರು. ಅವರೂ ನಕ್ಕರು. ಇಳಿದು ಬಂದಾಗ ಮುಖ ಮಾತ್ರ ನಕ್ಕವರದ್ದಾಗಿರಲಿಲ್ಲ.

ಒಮ್ಮೆ ನಾನೇ ಕೇಳಿದೆ, "ಉತ್ತರ ಬರ್ತದೇನ್ರಿ?"

"ಬಂದ್ರ ಸಹಿ ಹಾಕಂಗಿಲ್ಲ," ಎಂದರು.

ಅವರ ಮಾತಿನಲ್ಲಿ ಒಂದು ಗಾದೆಯಂತಹದು ಇತ್ತು. ಮನೆಯಲ್ಲಿ ಆಡುವ ದಖನಿಯಲ್ಲೇ ಹೇಳುತ್ತಿದ್ದರು: "ದೇಖೇಸೋ ಅಲಗ್, ಸುನೇಸೋ ಅಲಗ್." ಕಂಡದ್ದು ಬೇರೆ, ಕೇಳಿದ್ದು ಬೇರೆ. ಲಗ್ನದ ಮಾತುಕತೆಗೆ ಹೋದರೂ ಇದೇ. ಹುಡುಗನಿಗೆ ಹೊಲ ಇದೆ ಎಂದರೆ ಮರುದಿನ ಬಸ್ಸು ಹತ್ತಿ ಹೊಲ ತುಳಿದು ಬರುವರು. ಸಂತೆಯಲ್ಲಿ ಬುಟ್ಟಿಯ ಮೇಲಿನ ಟೊಮ್ಯಾಟೊ ಎತ್ತಿಟ್ಟು ಕೆಳಗಿನದನ್ನು ನೋಡುವರು. ಮಾರುವವಳು ಬೈದರೆ, "ನೀ ಚಲೋ ಹೆಣ್ಮಗಳು ಯವ್ವ, ನಿನ್ನ ಬುಟ್ಟಿ ಬಗ್ಗೆ ನಾ ಏನೂ ಅಂದಿಲ್ಲ" ಎನ್ನುವರು. ನನ್ನ ಮನೆಗೆ ಬಂದರೆ ಕುರ್ಚಿಯಲ್ಲಿ ಕೂರುವ ಮುಂಚೆ ಅದನ್ನು ಒಮ್ಮೆ ಅಲುಗಾಡಿಸುವರು. ನನ್ನ ಹೆಂಡತಿ ಅದಕ್ಕೆ ಬೇಸರಪಟ್ಟುಕೊಳ್ಳುತ್ತಿದ್ದಳು. ನಾನು ಪಟ್ಟುಕೊಳ್ಳಲಿಲ್ಲ.

ಭೀಮಶಾನ ಮನೆಗೆ ಪ್ರತಿ ಎಳ್ಳ ಅಮಾವಾಸ್ಯೆಗೆ ಹೋಗುತ್ತಿದ್ದರು. ಹೊಲದಲ್ಲಿ ಚರಗ ಚೆಲ್ಲುವಾಗ, ಭೂಮಿಗೆಂದು ಅನ್ನ, ಭಜ್ಜಿ, ಕಡಬು ಸುತ್ತಲೂ ಎರಚುತ್ತ ಹೋಗುವಾಗ, ಇವರು ಬದುವಿನ ಮೇಲೆ ಕರವಸ್ತ್ರ ಹಾಸಿ ಕೂರುವರು. ಸಹಿ ಯಾರದ್ದೆಂದು ಆ ಮನೆಯವರಿಗೆ ಮೊದಲ ದಿನದಿಂದ ಗೊತ್ತು. ಇವರೇ ಹೇಳಿದ್ದರು. ಕಸ್ತೂರಿಯ ತಾಯಿ ಮೊದಲೆರಡು ವರ್ಷ ಮಾತಾಡಲಿಲ್ಲ, ಎಲೆಯ ಮೇಲೆ ಸಜ್ಜೆ ರೊಟ್ಟಿ ಇಟ್ಟು ಹೋಗುತ್ತಿದ್ದಳು. ಮೂರನೆಯ ವರ್ಷ, "ಅಣ್ಣಾ, ಇನ್ನೊಂದ ಹಾಕ್ಲೇನು?" ಎಂದಳಂತೆ. ಅದನ್ನು ನನಗೆ ಹೇಳುವಾಗ ಸಾಹೇಬರು ಕಿಟಕಿಯ ಕಡೆಗೆ ತಿರುಗಿಕೊಂಡರು.

ತಾಯಿ ತೀರಿಕೊಂಡ ಮೇಲೂ ಸಾಹೇಬರು ಹೋಗುವುದು ನಿಲ್ಲಲಿಲ್ಲ. ಹಾಗಾಗಿ, ಸಿದ್ದು ನಾಣ್ಯದ ಮಾತು ತಂದಾಗ, ಕಸ್ತೂರಿ ನೇರ ಇವರ ಹತ್ತಿರ ಬಂದಳು.

"ದೊಡ್ಡ ದೊಡ್ಡ ಕಂಪನಿಯವ್ರೇ ಇದನ್ನ ಕೊಂಡು ಇಟ್ಗೊಂಡಾರ ಅಂತಾನ್ರಿ ಸಿದ್ದು. ಪರದೇಶದ್ದು ಒಂದು ಕಂಪನಿ ಅದ ಅಂತ, ಕೊಂಡದ್ದು ಇವತ್ತಿನ ತನಕ ಮಾರೇ ಇಲ್ಲಂತ. ಅವ್ರು ಕೊಂಡದ್ದ ನಾವೂ ಕೊಳ್ಳಾಕತ್ತೇವಿ ಅಂತಾನ. ಖರೆ ಏನ್ರಿ? ನೀವ ನೋಡ್ರಿ."

ನೋಡ್ರಿ ಎಂದ ಮೇಲೆ ಸಾಹೇಬರಿಗೆ ಬಿಡಲಾಗಲಿಲ್ಲ. ಫೋನಿನ ಅಂಗಡಿಯವನಿಂದ ಒಂದು ಹುಡುಕುವ ತಾಣ ಹಾಕಿಸಿಕೊಂಡರು. ಅದರ ಪೆಟ್ಟಿಗೆಯಲ್ಲಿ ಕಂಪನಿಯ ಹೆಸರು ಬರೆದರೆ ಅದರ ಬಳಿ ಎಷ್ಟು ನಾಣ್ಯ ಇದೆ, ಯಾವಾಗ ಕೊಂಡಿತು ಎಂದು ತೋರಿಸುತ್ತದೆ. ನಾಣ್ಯ ಇಟ್ಟ ಜಾಗಕ್ಕೆ ವಿಳಾಸ ಎನ್ನುತ್ತಾರೆ, ಅಕ್ಷರ, ಅಂಕಿ ಬೆರೆತ ಉದ್ದನೆಯ ಸಾಲು. ಆ ವಿಳಾಸ ಬರೆದರೆ ಅದರಲ್ಲಿ ಏನಿದೆ, ಏನು ಬಂತು, ಏನು ಹೋಯಿತು ಎಂದು ಯಾರು ಬೇಕಾದರೂ ನೋಡಬಹುದು. ಸಾಹೇಬರು ಇದನ್ನು ಕಂಡು ಮಗುವಿನ ಹಾಗೆ ಹಿಗ್ಗಿದರು.

"ಬಾಗಿಲಾ ಇಲ್ಲದ ಗೋದಾಮ್ ನೋಡ್ರಿ ಇದು! ಕೀಲಿ ಕೈ ಕೇಳೋದ ಬ್ಯಾಡ, ಗೋದಾಮಿನಂವ ಊಟಕ್ಕ ಹೋಗ್ಯಾನ ಅನ್ನೋದಿಲ್ಲ. ಚೀಲಿಲ್ಲ, ಹುಳಾ ಹತ್ತಂಗಿಲ್ಲ, ಇಲಿ ತಿನ್ನಂಗಿಲ್ಲ. ನಾ ನೌಕರಿ ಮಾಡುವಾಗ ಇದು ಯಾಕ ಇರಲಿಲ್ಲ?"

ಇದಾದ ಮೇಲೆ ಪ್ರತಿದಿನ ಬೆಳಗಿನ ನಮಾಜು ಮುಗಿಸಿ ಅದನ್ನೇ ಹಿಡಿದು ಕೂರುವುದು. ನಾನು ವಾಕಿಂಗ್ ಮುಗಿಸಿ ಅವರ ಮನೆಯ ಮುಂದೆ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಇರುತ್ತಿದ್ದರು. ಫೋನಿನ ಗಾಜಿಗೆ ಗೆಣ್ಣಿನಿಂದ ಎರಡು ಸಲ ಬಡಿದು ನೋಡಲು ಶುರುಮಾಡುತ್ತಿದ್ದರು. ಕಂಪನಿಗಳನ್ನು ಎರಡು ಜಾತಿ ಮಾಡಿದ್ದರು. ವಿಳಾಸ ತೋರಿಸಿದವು 'ದೇಖಾ'. ತಮ್ಮ ಬಳಿ ಇಷ್ಟಿದೆ ಎಂದು ಬರೀ ಘೋಷಣೆ ಮಾಡಿದವು 'ಸುನಾ'. ಒಂದು ಕಂಪನಿ ಬರೀ ಘೋಷಣೆಯದು ಎಂದು ಗೊತ್ತಾದಾಗ ಅದಕ್ಕೆ ಇಂಗ್ಲಿಷಿನಲ್ಲಿ ಈಮೇಲ್ ಬರೆದರು. ಕರಡು ನನಗೆ ತೋರಿಸಿದರು. ನಿಮ್ಮ ದಾಸ್ತಾನಿನ ಭೌತಿಕ ತಪಾಸಣೆ ಮಾಡಬೇಕಾಗಿದೆ, ಮಾಲು ಯಾವ ವಿಳಾಸದಲ್ಲಿದೆ, ಯಾವ ದಿನ ಅನುಕೂಲ ತಿಳಿಸತಕ್ಕದ್ದು, ಇಂತಿ. ನೋಟಿಸಿನ ಭಾಷೆಯಲ್ಲಿ ಒಂದು ತಪ್ಪಿರಲಿಲ್ಲ. ಎರಡೇ ನಿಮಿಷದಲ್ಲಿ ಯಂತ್ರ ಉತ್ತರ ಕೊಟ್ಟಿತು: ನಿಮ್ಮ ಆಸಕ್ತಿಗೆ ಧನ್ಯವಾದ.

"ಇದು ಮಷೀನ್ ಬರದ ಉತ್ತರ ಸಾಹೇಬ್ರ," ಎಂದೆ.

"ಇರಲಿ. ಬರಬ್ಯಾಡ ಅಂತ ಎಲ್ಲಿ ಬರದಾರ?"

ಸಿದ್ದು ಹೇಳಿದ ಆ ದೊಡ್ಡ ಕಂಪನಿಯ ವಿಳಾಸಗಳು ಮಾತ್ರ ತಾಣದಲ್ಲಿ ಇದ್ದವು. ಅದನ್ನು ಅವರು ಒಂದೂವರೆ ವರ್ಷ ಕಾದರು. ಅದರ ದಾಸ್ತಾನಿನಲ್ಲಿ ಏನಾದರೂ ಅಲುಗಾಡಿದರೆ ಫೋನು ಟಣ್ ಎನ್ನಬೇಕು ಎಂದು ಏರ್ಪಾಟು ಮಾಡಿಸಿದರು. ಟಣ್ ಎಂದಾಗಲೆಲ್ಲ ಮಾಲು ಹೊರಗೆ ಹೋಯಿತೇ ಎಂದು ಎದೆ ಹಿಡಿದು ನೋಡುವರು. ಹೋಗಿರುತ್ತಿರಲಿಲ್ಲ, ಇನ್ನಷ್ಟು ಬಂದಿರುತ್ತಿತ್ತು, ಇಲ್ಲವೇ ಒಂದು ವಿಳಾಸದಿಂದ ಇನ್ನೊಂದಕ್ಕೆ ಸರಿದಿರುತ್ತಿತ್ತು. "ಥಪ್ಪಿ ಬದಲಿ ಮಾಡ್ಯಾರ," ಎಂದು ಉಸಿರು ಬಿಟ್ಟು ಚಾ ಕೇಳುವರು.

ಸಾಹೇಬರು ಹಾಸಿಗೆ ಹಿಡಿದ ಮೇಲೆ ಕಸ್ತೂರಿ ನೋಡಲು ಬಂದಿದ್ದಳು. ಅಂದು ಅವರು ಆಕೆಗೆ, "ಕಂಪನಿ ಮಾಲು ಖರೇನೇ ಅದ ಬೇಟಿ. ನಾ ನೋಡೀನಿ, ನಡಕ್ಕ ಹೋಗಿ ನೋಡೀನಿ. ಗಟ್ಟಿ ಅದ" ಎಂದರು. ನಾನೂ ಅಲ್ಲಿದ್ದೆ. ಸಹಿ ಹಾಕಿದ ದಿನಗಳಲ್ಲಿ ಇರುತ್ತಿದ್ದ ನೆಮ್ಮದಿ ಅವರ ಮುಖದ ಮೇಲೆ ಇತ್ತು. ನನಗೂ ಅದು ಸರಿಯೆನಿಸಿತು. ನಾಲ್ಕು ದಿನಕ್ಕೆ ಹೋದರು.

ಇದಿಷ್ಟು ಹಿನ್ನೆಲೆ. ಈಗ ಸೋಮವಾರಕ್ಕೆ ಬರುತ್ತೇನೆ.

ನಾನು ಫೋನು ತೆರೆದು, ಆ ಗಂಟೆಗಳು ಕಂಪನಿಯ ಸುದ್ದಿ ಮಾತ್ರ, ಕಂಪನಿ ಇನ್ನಷ್ಟು ಕೊಂಡಿದೆ, ಹೆದರುವಂಥದ್ದು ಏನಿಲ್ಲ ಎಂದು ಭಾಬಿಗೆ ವಿವರಿಸಿದೆ. ಬೇಕಾದರೆ ಬಂದ್ ಮಾಡುತ್ತೇನೆ ಎಂದೆ.

ಪರದೆ ಸ್ವಲ್ಪ ಅಲುಗಿತು. "ನಕ್ಕೋ ಭಾಯಿಸಾಬ್. ಇರಲಿ ಬಿಡ್ರಿ. ಮನ್ಯಾಗ ಒಂದು ಸಪ್ಪಳಾರ ಇರ್ತದ."

ಸಿದ್ದು ಹೇಳಿದ ಹೊತ್ತಿಗೇ ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ಕೈಯಲ್ಲಿ ಒಂದು ಪೊಟ್ಟಣ ಬಾಳೆಹಣ್ಣು. ಪರದೆಯ ಕಡೆ ತಿರುಗಿ, "ಸಾಹೇಬ್ರು ದೊಡ್ಡೋರ್ರಿ ಭಾಬಿ, ನಮ್ಮಂಥೋರ ಕೆಲಸಾನೂ ಕುಂತು ನೋಡಿದ್ರು" ಎಂದು ಕೈ ಮುಗಿದ. ಮೋಸಗಾರನ ಮಾತು ಹೇಗಿರುತ್ತದೆಂದು ನನಗೆ ಗೊತ್ತು, ಗೋದಾಮಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. ಇದು ಆ ಬಗೆಯದಾಗಿರಲಿಲ್ಲ.

"ಏನು ವೈನಿ, ಇನ್ನಾ ವಿಚಾರ ಮಾಡಾಕತ್ತೀ?" ಎಂದ.

"ವಿಚಾರ ಮುಗದದ ಮಾರಾಯಾ. ತಂದೀನಿ." ಕಸ್ತೂರಿ ಚೀಲದ ಮೇಲೆ ಕೈ ಇಟ್ಟಳು. "ಆದ್ರ ನಮ್ಮನ್ಯಾಗ ಒಂದು ಪದ್ಧತಿ ಅದ. ಥಪ್ಪಿ ನೋಡದ ಹೆಬ್ಬಟ್ಟ ಒತ್ತಂಗಿಲ್ಲ. ಕಂಪನಿದು ಸಾಹೇಬ್ರು ನೋಡಿ ಹೋಗ್ಯಾರ. ಅದಕ್ಕ ನಾ ಏನೂ ಅನ್ನಂಗಿಲ್ಲ. ನಿಂದ ಒಂದು ಉಳದದ. ಅದನ್ನ ತೋರ್ಸಿಬಿಡು, ಮುಗೀತು."

"ನಂದು ಏನ ನೋಡ್ತೀ?"

"ನಮ್ಮೂರ ಮಂದಿದು, ಜೇವರ್ಗಿ ಮಂದಿದು ಕೂಡಿ ಕೊಂಡು ಇಟ್ಟಿದ್ದ ಅದ ಅಂದೆಲ್ಲ, ಅದು."

ಸಂಶಯದ ಮಾತಲ್ಲ. ಹೊಸ ಪಾತ್ರೆ ತಂದಾಗ ನೀರು ಹಾಕಿ ನೋಡುತ್ತಾರಲ್ಲ, ಅಷ್ಟೇ. ಸಿದ್ದು ನಕ್ಕ. "ಇಷ್ಟ ಹೌದಲ್ಲ? ನೋಡ್ರಿ ಕಾಕಾ, ನೀವೂ ನೋಡ್ರಿ." ತನ್ನ ಫೋನಿನಲ್ಲಿ ಸ್ಕೀಮಿನವರ ಆ್ಯಪ್ ತೆರೆದು ನನ್ನ ಮುಂದೆ ಹಿಡಿದ. ಅವನ ಹೆಸರು, ಹೆಸರಿನ ಕೆಳಗೆ ಹಸಿರು ಬಣ್ಣದ ಅಂಕಿ, ನಾನು ನೋಡುತ್ತಿದ್ದಂತೆಯೇ ಮೇಲೇರುತ್ತಿತ್ತು. ಅದರ ಕೆಳಗೆ ವಿಳಾಸದ ಸಾಲು.

"ಇದು ಸಾಹೇಬ್ರ ತಾಣದಾಗ ಕಾಣಬೇಕಲ್ಲ?" ಎಂದೆ.

"ಕಾಣಬೇಕ್ರಿ. ಹಾಕ್ರಿ."

ಅವನೇ ಒಂದೊಂದು ಅಕ್ಷರ ಓದಿ ಹೇಳಿದ. ನಾನು ಸಾಹೇಬರ ಫೋನಿನಲ್ಲಿ ಒತ್ತಿದೆ. ಆ ಪೆಟ್ಟಿಗೆಯಲ್ಲಿ ಸಾಹೇಬರು ಒಂದೂವರೆ ವರ್ಷ ಕಂಪನಿಗಳ ವಿಳಾಸ ಹಾಕಿದ್ದರು. ಈ ವಿಳಾಸ ಒಮ್ಮೆಯೂ ಹಾಕಿರಲಿಲ್ಲ. ಹಾಕಿದ್ದರೆ ಹಿಂದೆ ಹುಡುಕಿದ್ದರ ಸಾಲಿನಲ್ಲಿ ತೋರಿಸುತ್ತಿತ್ತು.

ಈ ವಿಳಾಸದಲ್ಲಿ ಇದುವರೆಗೆ ಯಾವ ವಹಿವಾಟೂ ನಡೆದಿಲ್ಲ ಎಂದು ಬಂತು, ಎಂದರೆ ಒಂದು ನಾಣ್ಯವೂ ಅಲ್ಲಿಗೆ ಬಂದಿರಲಿಲ್ಲ.

"ಒಂದ ಅಕ್ಷರ ತಪ್ಪಿರ್ಬೇಕ್ರಿ," ಎಂದ ಸಿದ್ದು. ಮತ್ತೆ ಹಾಕಿದೆ. ಅದೇ ಬಂತು. ಅವನು ಫೋನು ನನ್ನ ಕೈಯಿಂದ ತೆಗೆದುಕೊಂಡು, ವಿಳಾಸದ ಪಕ್ಕದ ಚೌಕದ ಗುರುತನ್ನು ಕ್ಯಾಮೆರಾದಿಂದ ಹಿಡಿದು ತಾನೇ ಹುಡುಕಿದ. ಆ ದೊಡ್ಡ ಕಂಪನಿಯ ಒಂದು ವಿಳಾಸ ಹಾಕಿ ನೋಡಿದ, ಅದು ತಕ್ಷಣ ಸಾಲುಸಾಲಾಗಿ ತೆರೆದುಕೊಂಡಿತು. ಮತ್ತೆ ತನ್ನದು ಹಾಕಿದ. ಇನ್ನೊಂದು ಫೋನಿನಲ್ಲಿ ಹಸಿರು ಅಂಕಿ ಏರುತ್ತಲೇ ಇತ್ತು.

ಸ್ಕೀಮಿನ ಮೇಲಿನವರಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಇನ್ನೊಬ್ಬರಿಗೆ ಹಚ್ಚಿದ. ಅವರು ಎತ್ತಿದರು. ಆ ಕಡೆಯ ಮಾತು ಕೋಣೆಗೆಲ್ಲ ಕೇಳುತ್ತಿತ್ತು: "ಸಿದ್ದು ಬ್ರದರ್, ನೆಗೆಟಿವ್ ಮಂದಿ ನಡುವ ಕೂಡಬ್ಯಾಡ್ರಿ. ಎದ್ದು ಹೊರಗ ಬರ್ರಿ ಮೊದಲ."

ಸಿದ್ದು ಹೊರಗೆ ಹೋಗಲಿಲ್ಲ. ನಿಂತಲ್ಲೇ ಗೋಡೆಗೆ ಬೆನ್ನು ಹಚ್ಚಿ ಕೆಳಗೆ ಕುಳಿತ. ಇಸ್ತ್ರಿಯ ಅಂಗಿಗೆ ಸುಣ್ಣ ಹತ್ತಿತು.

"ವೈನಿ, ಇದರಾಗ ನಮ್ಮ ಮಾವನೋರದು ಅದ," ಎಂದ. "ನಮ್ಮ ಓಣಿ ಮಂದಿದು ಅದ. ಅಂಗನವಾಡಿ ಟೀಚರದು ಅದ. ನನ್ನ ಹೆಂಡ್ತಿ ತಾಳಿ ಒಂದ ಬಿಟ್ಟು ಎಲ್ಲಾ ಅದ."

ಕಸ್ತೂರಿ ಮಡಿಲಿನ ಚೀಲದ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದಳು. ಯಂತ್ರದ ಹಣ ಉಳಿಯಿತು ಎಂಬ ಸಮಾಧಾನ ಮುಖದಲ್ಲಿ ಇರಲಿಲ್ಲ. ಎದ್ದು ನೀರು ತಂದು ಅವನ ಮುಂದೆ ಹಿಡಿದಳು. ಅವನು ಲೋಟ ನೋಡಿದ, ತೆಗೆದುಕೊಳ್ಳಲಿಲ್ಲ.

ಪರದೆಯ ಆಚೆಯಿಂದ ಭಾಬಿಯ ದನಿ ಬಂತು. "ಭಾಯಿಸಾಬ್, ಆ ಹುಡುಗನ್ನ ಒಂಟೀಲೆ ಕಳಸಬ್ಯಾಡ್ರಿ."

ಅವನಿಗೆ ಎರಡು ತುತ್ತು ತಿನ್ನಿಸಲು ಕಸ್ತೂರಿ ನೋಡಿದಳು, ಆಗಲಿಲ್ಲ. ಆಕೆಯನ್ನು ನಿಂಬರ್ಗಾದ ಬಸ್ಸಿಗೆ ಹತ್ತಿಸಿದೆ. ಹತ್ತುವ ಮುಂಚೆ, "ಸಾಹೇಬ್ರ ಮಾತು ಸುಳ್ಳಾಗಲಿಲ್ಲಲ್ರೀ ಕಾಕಾ. ಕಂಪನಿದು ಗಟ್ಟೀನೇ ಅದ" ಎಂದಳು. ನಾನು ಹೌದೆಂದೆ. ಆಮೇಲೆ ಸಿದ್ದುನನ್ನು ಕರೆದುಕೊಂಡು ಕಲಬುರಗಿಗೆ, ಅಲ್ಲಿಂದ ಜೇವರ್ಗಿಯ ಬಸ್ಸಿಗೆ. ರಸ್ತೆಯುದ್ದಕ್ಕೂ ತೊಗರಿ ಹೇರಿದ ಟ್ರ್ಯಾಕ್ಟರುಗಳು ಎದುರಾಗುತ್ತಿದ್ದವು. ಅವನು ಕಿಟಕಿಯ ಪಕ್ಕ ಕೂರಲು ಹೋದ. ನನಗೆ ಗಾಳಿ ಬೇಕು ಎಂದು ಹೇಳಿ ನಾನು ಕಿಟಕಿಯ ಪಕ್ಕ ಕೂತೆ. ಭೀಮೆಯ ಸೇತುವೆ ಬಂದಾಗ ಬಸ್ಸು ನಿಧಾನವಾಯಿತು. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಸೇತುವೆ ದಾಟಿದ ಮೇಲೆ ಒಂದೇ ಒಂದು ಮಾತು ಕೇಳಿದ.

"ಕಾಕಾ, ಸಾಹೇಬ್ರು ಒಂದೂವರಿ ವರ್ಷ ಕಂಪನಿದು ನೋಡಿದ್ರು. ನಾ ತಿಂಗಳಿಗೊಮ್ಮೆ ಅವ್ರ ಕಟ್ಟಿ ಮ್ಯಾಲೆ ಕುಂತು ಚಾ ಕುಡದು ಹೋಗ್ತಿದ್ದೆ. ನಿಂದ ಎಲ್ಲದ ಅಂತ ನನಗ ಯಾಕ ಕೇಳಲಿಲ್ರೀ?"

  ಅನುಭವಸ್ಥರು ಮಾಡುವ ತಪ್ಪು ಎಂದು ಒಮ್ಮೆ ಅನಿಸುತ್ತದೆ. ದಾಸ್ತಾನು ಎಂದರೆ ದೊಡ್ಡವರದ್ದು, ತಪಾಸಣೆ ಎಂದರೆ ದೊಡ್ಡ ಥಪ್ಪಿಯದ್ದು ಎಂಬ ರೂಢಿ. ಇನ್ನೊಮ್ಮೆ ಬೇರೆ ರೀತಿ ಅನಿಸುತ್ತದೆ. ಸಮುದ್ರದಾಚೆಯ ಥಪ್ಪಿಯನ್ನು ಅವರು ಎಷ್ಟು ಸಲ ಬಡಿದರೂ ಅದರೊಳಗಿಂದ ಗುರುತಿನ ದನಿ ಬರುವಂತಿರಲಿಲ್ಲ. ಕಟ್ಟೆಯ ಮೇಲೆ ಪಕ್ಕದಲ್ಲೇ ಕೂತು ಚಾ ಕುಡಿಯುತ್ತಿದ್ದವನ ಥಪ್ಪಿಯನ್ನು ಬಡಿದಿದ್ದರೆ ಬರಬಹುದಿತ್ತು. ಒಳಗೆ ಖಾಲಿ ಎನ್ನುವುದನ್ನು ಎರಡನೆಯ ಸಲ ಕೇಳುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲವೇನೋ. ಅಷ್ಟು ಥಪ್ಪಿ ಹತ್ತಿದ ಮನುಷ್ಯನ ಬಗ್ಗೆ ಹೀಗೆ ಬರೆಯುವುದು ನನಗೆ ಹಿತವಲ್ಲ. ಆದರೆ ನೋಡಿದ್ದನ್ನು ಬಿಟ್ಟು ಬರೆದರೆ ಅವರೇ ಒಪ್ಪುತ್ತಿರಲಿಲ್ಲ.

ಜೇವರ್ಗಿ ತಲುಪಿದಾಗ ದೀಪ ಹಚ್ಚುವ ಹೊತ್ತು. ಸಿದ್ದುವಿನ ಮನೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಕಸ್ತೂರಿ ಫೋನು ಮಾಡಿ, ಕಾಯುತ್ತಿರು ಎಂದಷ್ಟೇ ಹೇಳಿದ್ದಳಂತೆ. ಗಂಡನ ಬೆನ್ನಿನ ಸುಣ್ಣ ನೋಡಿದಳು, ನನ್ನ ಮುಖ ನೋಡಿದಳು.

"ಏನಾಗ್ಯದರಿ?"

"ಅವನೇ ಹೇಳ್ತಾನವ್ವಾ. ಇವತ್ತ ಹೇಳಂಗಿಲ್ಲ ಅಂದ್ರ ನಾಳೆ ಹೇಳ್ತಾನ," ಎಂದೆ. "ನಾಳೆ ಮುಂಜಾನಿ ನಾ ಬರ್ತೇನಿ, ಮೂವರೂ ಕೂಡಿ ಠಾಣಾಕ್ಕ ಹೋಗೋಣು. ಇವತ್ತ ರಾತ್ರಿ ಅವನ್ನ ಒಬ್ಬನ್ನ ಬಿಡಬ್ಯಾಡ."

 ಆಕೆ ಅವನನ್ನು ಒಳಗೆ ಕೂರಿಸಿ ಬಂದಳು. ಬಾಗಿಲ ಪಕ್ಕ ನಿಲ್ಲಿಸಿದ್ದ ಅವನ ಬೈಕಿನ ಕೀಲಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಅದನ್ನು ತೆಗೆದು ಸೆರಗಿನ ತುದಿಗೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ಬಿಗಿ ಮಾಡಿದಳು. ನಂತರ ಹಿತ್ತಲಿಗೆ ಹೋಗಿ ಬಾವಿಯ ಹಗ್ಗವನ್ನೂ ಬಿಚ್ಚಿ ತಂದಳು. ಅದನ್ನು ಸುತ್ತಿ ಸುರುಳಿ ಮಾಡಲು ನಾನು ಕೈ ಜೋಡಿಸಿದೆ. ಅಟ್ಟದ ಮೇಲೆ ಇಟ್ಟು ಇಳಿದಳು. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.